ಲ್ಯಾಪ್‌ಟಾಪಿಗೂ ಗಾಳಿ ಬೇಕು, ತೊಡೆಗೂ ತಂಪು ಬೇಕು



ಡಿಸೆಂಬರಿನಲ್ಲಿ ಶೋರ್‌ಲೈನ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿಬಿಡುತ್ತಾನೆ. ಇಲ್ಲಿ ಐದೂವರೆ ಆದಾಗ ಊರಲ್ಲಿ ಮರುದಿನ ಬೆಳಿಗ್ಗೆ ಏಳು. ಮಕ್ಕಳು ಇನ್ನೂ ಆಫೀಸಿನ ಕೆಲಸದಲ್ಲಿ. ನೀವು ಸೋಫಾದ ಮೂಲೆಯಲ್ಲಿ ಕಾಲು ಮಡಚಿ, ರಜಾಯಿ ಹೊದ್ದು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಊರಿನ ಪೇಪರ್ ಓದುತ್ತೀರಿ, ತಂಗಿಗೆ ವಿಡಿಯೋ ಕಾಲ್ ಮಾಡುತ್ತೀರಿ, ಆಮೇಲೆ ಒಂದು ಪ್ರವಚನವೋ ಧಾರಾವಾಹಿಯೋ. ಮೂರು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಈ ಚಳಿಗೆ ತೊಡೆಯ ಮೇಲಿನ ಆ ಬಿಸಿ ಹಿತವಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಲ್ಯಾಪ್‌ಟಾಪನ್ನು ಆರಿಸಿ, ಮುಚ್ಚಿ, ಒಮ್ಮೆ ಬೋರಲಾಗಿ ಹಿಡಿದು ನೋಡಿ. ಹೆಚ್ಚಿನವುಗಳ ತಳದಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ. ಒಳಗಿನ ಪುಟ್ಟ ಫ್ಯಾನು ಅಲ್ಲಿಂದ ತಣ್ಣನೆ ಗಾಳಿ ಎಳೆದುಕೊಂಡು, ಪಕ್ಕದಿಂದಲೋ ಪರದೆಯ ಕೀಲಿನ ಹತ್ತಿರದಿಂದಲೋ ಬಿಸಿ ಗಾಳಿ ಹೊರಗೆ ಬಿಡುತ್ತದೆ. ನಾಲ್ಕು ಮೂಲೆಯ ರಬ್ಬರ್ ಕಾಲುಗಳು ಬರೀ ಜಾರದಿರಲಿ ಎಂದಲ್ಲ. ತಳಕ್ಕೂ ಮೇಜಿಗೂ ನಡುವೆ ಗಾಳಿ ಹೋಗಲು ಜಾಗ ಬಿಡುವುದಕ್ಕೂ ಹೌದು. ರಜಾಯಿ, ದಿಂಬು, ಹಾಸಿಗೆ, ಕಾರ್ಪೆಟ್ಟಿನ ಮೇಲೆ ಇಟ್ಟರೆ ಆ ಕಾಲುಗಳು ಹುದುಗಿಹೋಗಿ ಬಟ್ಟೆ ಸೀಳುಗಳನ್ನು ಮುಚ್ಚುತ್ತದೆ. ಒಳಗಿನ ಬಿಸಿಗೆ ಹೋಗಲು ದಾರಿಯಿಲ್ಲದೆ ತಳ ಕಾಯುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ಫ್ಯಾನೇ ಇಲ್ಲ ಎನ್ನುವಿರಾದರೆ, ಅಂಥವು ಇವೆ. ಅವುಗಳಲ್ಲಿ ಲೋಹದ ಮೈಯೇ ಬಿಸಿಯನ್ನು ಹೊರಗೆ ಬಿಡುವುದು, ಹಾಗಾಗಿ ಅದಕ್ಕೂ ಕಂಬಳಿ ಹೊದಿಸಬಾರದು.

ನನ್ನ ತಾಯಿ ಬಂದಿದ್ದಾಗ ದಿಂಬಿನ ಮೇಲಿಟ್ಟ ಲ್ಯಾಪ್‌ಟಾಪ್ ವಿಮಾನ ಏರುವ ಹಾಗೆ ಸದ್ದು ಮಾಡುತ್ತಿತ್ತು. "ಹಳೇದಾಯ್ತು, ಪಾಪ" ಎನ್ನುತ್ತಿದ್ದರು. ಕೆಳಗೆ ತರಕಾರಿ ಹೆಚ್ಚುವ ಮರದ ಹಲಗೆ ಇಟ್ಟ ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು.

ಈಗ ನಮ್ಮ ಚರ್ಮದ ವಿಷಯ. ಕುದಿಯುವ ನೀರು ಬಿದ್ದರೆ ಮಾತ್ರ ಸುಡುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ 44 ಡಿಗ್ರಿ ಸೆಲ್ಸಿಯಸ್‌ನ ಬಿಸಿಯೂ ಒಂದೇ ಜಾಗಕ್ಕೆ ಸುಮಾರು ಆರು ಗಂಟೆ ತಗುಲಿಕೊಂಡಿದ್ದರೆ ಚರ್ಮ ಸುಡುತ್ತದೆ ಎಂದು 1947ರಷ್ಟು ಹಿಂದೆಯೇ ಅಮೆರಿಕದ ವೈದ್ಯರು ತೋರಿಸಿದ್ದರು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಸುಡಲು ಬೇಕಾದ ಸಮಯ ಹೆಚ್ಚುಕಡಿಮೆ ಅರ್ಧರ್ಧವಾಗುತ್ತ ಹೋಗುತ್ತದೆ. ಅಷ್ಟು ಹೊತ್ತು ಕೂರದಿದ್ದರೂ, ದಿನವೂ ಸ್ವಲ್ಪ ಸ್ವಲ್ಪ ಬಿಸಿ ತಗುಲುತ್ತಿದ್ದರೆ ಬೇರೊಂದು ಗುರುತು ಮೂಡುತ್ತದೆ: ಬಲೆಯ ಆಕಾರದಲ್ಲಿ ಮೊದಲು ಕೆಂಪು, ಆಮೇಲೆ ಕಂದು ಗೆರೆಗಳು. ನಮ್ಮ ಬಣ್ಣಕ್ಕೆ ಆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಕಪ್ಪಗಾದ ಮೇಲೇ ಗೊತ್ತಾಗುವುದು. ವೈದ್ಯರು ಇದನ್ನು ಎರಿಥೆಮಾ ಅಬ್ ಇಗ್ನೆ ಎನ್ನುತ್ತಾರೆ. ಅಬ್ ಇಗ್ನೆ ಎಂದರೆ ಲ್ಯಾಟಿನ್‌ನಲ್ಲಿ ಬೆಂಕಿಯಿಂದ ಬಂದದ್ದು ಎಂದರ್ಥ. ಹಿಂದೆ ಅಗ್ಗಿಷ್ಟಿಕೆಯ ಮುಂದೆ ದಿನಗಟ್ಟಲೆ ಕೂರುತ್ತಿದ್ದವರ ಮೊಣಕಾಲಿನ ಕೆಳಗೆ ಕಾಣುತ್ತಿದ್ದ ಗುರುತು ಇದು. 2004ರಲ್ಲಿ ಲ್ಯಾಪ್‌ಟಾಪಿನಿಂದ ಬಂದದ್ದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 12 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ತಿಂಗಳುಗಟ್ಟಲೆ ದಿನವೂ ಕೆಲವು ಗಂಟೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಟ ಆಡುತ್ತಿದ್ದ. ಎಡಗಡೆ ಬಿಸಿಯಾಗುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು, ಆದರೂ ಜಾಗ ಬದಲಿಸಿರಲಿಲ್ಲ. ಗುರುತು ಮೂಡಿದ್ದು ಎಡತೊಡೆಯಲ್ಲೇ.

ಬೇಗ ಗಮನಿಸಿ ಬಿಸಿಯನ್ನು ದೂರ ಮಾಡಿದರೆ ಈ ಗುರುತು ಕೆಲವು ತಿಂಗಳಲ್ಲಿ ಮಾಸುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಉಳಿದುಬಿಡಬಹುದು. ಬಲು ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಆದದ್ದೂ ಇದೆ. ಕಾಶ್ಮೀರದಲ್ಲಿ ಫಿರನ್ ಒಳಗೆ ಕಾಂಗ್ಡಿ ಕೆಂಡ ಇಟ್ಟುಕೊಳ್ಳುವವರಲ್ಲಿ ಅಂಥ ಕ್ಯಾನ್ಸರ್ ಬರುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಲ್ಯಾಪ್‌ಟಾಪ್ ಕೆಂಡವಲ್ಲ, ಹೆದರಬೇಡಿ.

ಹುಡುಗನಿಗಾದರೆ ಬಿಸಿ ಗೊತ್ತಾಗುತ್ತಿತ್ತು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಲ್ಲಿ ಪಾದ, ಕಾಲುಗಳ ನರ ಮಂದವಾಗಿರಬಹುದು. ವಯಸ್ಸಾದಂತೆ ಚರ್ಮವೂ ತೆಳುವಾಗುತ್ತದೆ. "ನನಗೇನೂ ಬಿಸಿ ಅನಿಸಲಿಲ್ಲ" ಎನ್ನುವುದು ನಿಮ್ಮ ವಿಷಯದಲ್ಲಿ ನಂಬುವ ಸಾಕ್ಷಿಯಲ್ಲ. ತೆಳ್ಳನೆ ಪಂಚೆ, ನೈಟಿ ಬಿಸಿಯನ್ನು ತಡೆಯುವುದೂ ಇಲ್ಲ. ಲ್ಯಾಪ್‌ಟಾಪ್ ಮಡಿಲಲ್ಲಿಟ್ಟು ತೂಕಡಿಸುವುದಂತೂ ಬೇಡವೇ ಬೇಡ.

ಹಾಗಾದರೆ ಎಲ್ಲಿಡುವುದು? ಊಟದ ಮೇಜು ಎಲ್ಲಕ್ಕಿಂತ ಒಳ್ಳೆಯದು. ನೆಲದ ಮೇಲೆ ಕೂತು ಅಭ್ಯಾಸವಿದ್ದರೆ ಎದುರಿಗೆ ಒಂದು ಮಣೆ ಇಟ್ಟು ಅದರ ಮೇಲಿಡಿ. ಪಾರಾಯಣದ ವ್ಯಾಸಪೀಠ ನೋಡಿದ್ದೀರಲ್ಲ, ಇಲ್ಲಿ ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪ್ ಸ್ಟ್ಯಾಂಡ್ ಹೆಚ್ಚುಕಡಿಮೆ ಅದರ ತಮ್ಮನೇ. ಕೆಳಗಿನಿಂದ ಗಾಳಿ ಆಡುತ್ತದೆ, ಪರದೆ ಮೇಲೆ ಬರುವುದರಿಂದ ಕುತ್ತಿಗೆಗೂ ಆರಾಮ. ಸೋಫಾ ಬಿಡಲು ಮನಸ್ಸಿಲ್ಲವೆಂದರೆ ಅಗಲವಾದ ಮರದ ಹಲಗೆ ತೊಡೆಯ ಮೇಲಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಚಳಿಗೆ ರಜಾಯಿ ಹೊದೆಯಿರಿ, ಆದರೆ ಲ್ಯಾಪ್‌ಟಾಪಿನ ಕೆಳಗೆ ಅದು ಬರದಿರಲಿ. ಚಾರ್ಜರಿನ ಇಟ್ಟಿಗೆಯಂಥ ತುಂಡೂ ಕಾಯುತ್ತದೆ, ಅದನ್ನೂ ಹಾಸಿಗೆಯೊಳಗೆ ಹುಗಿಸಬೇಡಿ. ಗೋಡೆಯ ಬುಡದಲ್ಲಿರುವ ಹೀಟರಿನಿಂದ ದೂರ ಕೂರಿ.

ಬೇಸಿಗೆಗೆ ಬಂದಿರುವವರು ಕಿಟಕಿಯ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಇಡಬಾರದು. 2021ರ ಜೂನ್ 28ರಂದು ಸಿಯಾಟಲ್ ವಿಮಾನ ನಿಲ್ದಾಣದಲ್ಲಿ 108 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 42 ಸೆಲ್ಸಿಯಸ್ ದಾಖಲಾಗಿತ್ತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಎಸಿ ಇಲ್ಲ. ಬಿಸಿಯಾಯಿತೆಂದು ಫ್ರಿಜ್ಜಿನಲ್ಲಿಡುವುದು, ಒದ್ದೆ ಬಟ್ಟೆ ಹಾಕುವುದು ಮಾಡಬೇಡಿ. ಆರಿಸಿ, ಮೇಜಿನ ಮೇಲೆ ಬಿಡಿ ಸಾಕು. ತಳ ಉಬ್ಬಿದ್ದರೆ ಬ್ಯಾಟರಿ ಕೆಟ್ಟಿರಬಹುದು: ಚಾರ್ಜರ್ ತೆಗೆದು ಮಕ್ಕಳಿಗೆ ಹೇಳಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ.

ಗಾಳಿ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು, ಫ್ಯಾನು ಸದ್ದು ಮಾಡುವಾಗ ಟಿಶ್ಯೂ ಕಾಗದದ ಒಂದು ಎಳೆಯನ್ನು ಬಿಸಿ ಗಾಳಿ ಬರುವ ಕಡೆ ಹಿಡಿಯಿರಿ. ಅಲುಗಬೇಕು. ಅಲುಗದಿದ್ದರೆ ಒಳಗೆ ಧೂಳು ತುಂಬಿರಬಹುದು. ಮಕ್ಕಳಿಂದ ಸ್ವಚ್ಛ ಮಾಡಿಸಿ.

ಇಂದು ರಾತ್ರಿ ಬಟ್ಟೆ ಬದಲಿಸುವಾಗ ಒಳ್ಳೆಯ ಬೆಳಕಿನಲ್ಲಿ ಎರಡೂ ತೊಡೆಗಳನ್ನು ನೋಡಿಕೊಳ್ಳಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ, ಟೂತ್‌ಪೇಸ್ಟ್, ಸುಣ್ಣ, ಅರಿಶಿನ ಹಚ್ಚಬೇಡಿ. ಆಗ ತಾನೇ ಸುಟ್ಟಿದ್ದರೆ ನಲ್ಲಿಯ ತಣ್ಣೀರು ಇಪ್ಪತ್ತು ನಿಮಿಷ ಬಿಟ್ಟು ಡಾಕ್ಟರಿಗೆ ತೋರಿಸಿ. ಬಲೆಯಂಥ ಗುರುತು ಈಗಾಗಲೇ ಕಂಡಿದ್ದರೆ ಇಂದೇ ಶಿಬಿರದ ಡಾಕ್ಟರಿಗೆ ಹೇಳಿ. ಇಲ್ಲಿ ಆಸ್ಪತ್ರೆ ದುಬಾರಿ, ಮಕ್ಕಳಿಗೆ ಹೊರೆ ಎಂದು ಬಹಳ ಹಿರಿಯರು ಇಂಥದ್ದನ್ನು ಊರಿಗೆ ಹೋಗುವವರೆಗೆ ಮುಚ್ಚಿಡುತ್ತಾರೆ. ಹೆಂಗಸರು ಸಂಕೋಚವಿದ್ದರೆ ಮಹಿಳಾ ಡಾಕ್ಟರ್ ಬೇಕೆಂದು ಕೇಳಿ.