ಗೋಡೆಗೂ ಹಣೆಗೂ ಒಂದೇ ತೈಲ

ಹೊಸ ದೇವಾಲಯವನ್ನು ಪ್ರತಿಷ್ಠಾಪಿಸುವ ದಿನ ಧರ್ಮಾಧ್ಯಕ್ಷರು ಬಲಿಪೀಠದ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಕ್ರಿಸ್ಮ ತೈಲವನ್ನು ಸುರಿದು ಲೇಪಿಸುತ್ತಾರೆ. ಬಳಿಕ ಗೋಡೆಗಳ ಮೇಲೆ ಹನ್ನೆರಡು ಕಡೆ, ಇಲ್ಲವೇ ನಾಲ್ಕು ಕಡೆ, ಅದೇ ತೈಲವನ್ನು ಹಚ್ಚುತ್ತಾರೆ. ಈ ತೈಲ ಯಾವುದು? ಜ್ಞಾನಸ್ನಾನದಲ್ಲಿ ನಮ್ಮ ಮಗುವಿನ ನೆತ್ತಿಗೆ, ದೃಢೀಕರಣದಲ್ಲಿ ನಮ್ಮ ಹಣೆಗೆ, ಗುರುದೀಕ್ಷೆಯಲ್ಲಿ ಗುರುಗಳ ಅಂಗೈಗೆ ಹಚ್ಚಿದ ತೈಲವೇ ಇದು. ಕಲ್ಲು ಗಾರೆಯ ಕಟ್ಟಡವನ್ನೂ ರಕ್ತಮಾಂಸದ ಮನುಷ್ಯನನ್ನೂ ಧರ್ಮಸಭೆ ಒಂದೇ ಬಗೆಯಲ್ಲಿ ದೇವರಿಗೆ ಮೀಸಲಿಡುತ್ತದೆ.

ಸಂತ ಪೌಲರು ಇದನ್ನು ಇನ್ನೂ ಬಿಡಿಸಿ ಹೇಳಿದ್ದಾರೆ. ನಮ್ಮ ದೇಹವೇ ಪವಿತ್ರಾತ್ಮರ ಆಲಯವೆಂದು ಅವರು ಬರೆದದ್ದು ಕೊರಿಂಥದವರಿಗೆ. ವ್ಯಾಪಾರ, ಹಣ, ಮೋಜುಗಳಿಂದ ತುಂಬಿದ್ದ ರೇವುಪಟ್ಟಣವದು. ಅಲ್ಲಿನ ಕ್ರೈಸ್ತರಿಗೆ ಆಗ ದೇವಾಲಯದ ಕಟ್ಟಡವೇ ಇರಲಿಲ್ಲ, ಮನೆಗಳಲ್ಲಿ ಸೇರುತ್ತಿದ್ದರು. ಕಟ್ಟಡಕ್ಕಿಂತ ಮೊದಲೇ ಆಲಯವಿತ್ತು ಎಂದಾಯಿತು.

ಪವಿತ್ರ ಸ್ಥಳದಲ್ಲಿ ಹೇಗಿರಬೇಕೆಂಬುದನ್ನು ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಂಪುರ ಹೋಬಳಿಯ ಶಿವಗಂಗೆ ಬೆಟ್ಟಕ್ಕೆ ಬರುವ ಭಕ್ತರು ಗುಡಿಯ ಹೊರಗೆ ಚಪ್ಪಲಿ ಬಿಡುತ್ತಾರೆ. ಉರಿಯುವ ಪೊದೆಯ ಮುಂದೆ ಮೋಶೆಯೂ ಹಾಗೆಯೇ ಮಾಡಿದನು. ಬಲಿಪೂಜೆಯಲ್ಲಿ ಪಾದರಕ್ಷೆ ತೆಗೆದಿಡುವುದಕ್ಕೆ, ನೆಲದ ಮೇಲೆ ಕೂರುವುದಕ್ಕೆ 1969ರಲ್ಲಿ ರೋಮ್ ಭಾರತದ ಧರ್ಮಸಭೆಗೆ ಒಪ್ಪಿಗೆ ಕೊಟ್ಟಿತು. ದೇವಾಲಯ ಶುಚಿಯಾಗಿ, ಅಂದವಾಗಿ ಇರಬೇಕು, ಅದರ ಪವಿತ್ರತೆಗೆ ಹೊಂದದ ಯಾವುದೂ ಅಲ್ಲಿ ನಡೆಯಬಾರದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಹೂವು, ಮೇಣದ ಬತ್ತಿ, ಗುಡಿಸಿ ಸಾರಿಸುವುದು, ಇವುಗಳಲ್ಲಿ ನಮ್ಮ ತಾಯಂದಿರು ಕೊರತೆ ಮಾಡಿದವರಲ್ಲ. (ಮೊಬೈಲ್ ಫೋನಿನ ವಿಷಯ ಬೇರೆ, ಅದನ್ನು ಗುರುಗಳು ಪ್ರತಿ ಭಾನುವಾರ ಹೇಳಿ ದಣಿದಿದ್ದಾರೆ.)

ಕಷ್ಟವಿರುವುದು ಹೊಸ್ತಿಲ ಈಚೆಗೆ. ದಾಬಸ್‌ಪೇಟೆಯ ಸುತ್ತ, ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದಂತೆ ಹೊಲಗಳು ಕಾರ್ಖಾನೆಗಳಾದವು. ಇಂಥ ಕಡೆಗಳಲ್ಲಿ ಜಮೀನಿಗೆ ಹಣ ಬಂದಾಗ ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುವುದು ಅಪರೂಪವಲ್ಲ. ಭಾನುವಾರ ಅಣ್ಣ ಒಂದು ಬದಿಯ ಬೆಂಚಿನಲ್ಲಿ, ತಮ್ಮ ಇನ್ನೊಂದು ಬದಿಯಲ್ಲಿ. ಇಬ್ಬರೂ ಕೈಮುಗಿದು ಪರಮಪ್ರಸಾದಕ್ಕೆ ಬರುತ್ತಾರೆ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದವರು ಪ್ರಭು ಯೇಸು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಿನಗೆ ಕೋಪವಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎಂದು. "ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಸ್ವಾಮಿ" ಎಂಬ ನಮ್ಮ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ.

ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಕುಟುಂಬಕ್ಕೂ ಇದು ಅನ್ವಯಿಸುತ್ತದೆ. ಗೋಡೆಗೆ ಹೊಡೆದ ಹಲಗೆಯ ಮೇಲೆ ಪವಿತ್ರ ಹೃದಯದ ಪಟ, ಪಕ್ಕದಲ್ಲೇ ಟಿ.ವಿ. ಜಾಗ ಇಲ್ಲದಿದ್ದರೆ ಏನು ಮಾಡುವುದು? ಅದು ದೋಷವಲ್ಲ. ಆ ಪಟದ ಕೆಳಗೆ ಕುಡಿದು ಬಂದು ಹೆಂಡತಿಯ ಮೇಲೆ ಕೈಯೆತ್ತಿದರೆ, ತೈಲ ಹಚ್ಚಿಸಿಕೊಂಡ ಹಣೆಯೇ ಇನ್ನೊಂದು ಆಲಯವನ್ನು ಹೊಡೆದಂತೆ. ದೇವಾಲಯದಲ್ಲಿ ಕ್ರಿಸ್ತರಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಕ್ರಿಸ್ತರನ್ನು ಮರೆಯಬೇಡಿರೆಂದು ನಾಲ್ಕನೆಯ ಶತಮಾನದಲ್ಲೇ ಸಂತ ಯೊವಾನ್ನ ಕ್ರಿಸೊಸ್ತೊಮರು ಬೋಧಿಸಿದ್ದರು.

ದೇವಾಲಯದೊಳಗೆ ಘೋರ ಅಪಚಾರ ನಡೆದು ಅದು ಅಪವಿತ್ರವಾಯಿತೆಂದು ಧರ್ಮಾಧ್ಯಕ್ಷರು ತೀರ್ಮಾನಿಸಿದರೆ, ಪ್ರಾಯಶ್ಚಿತ್ತ ವಿಧಿ ಮುಗಿಯುವವರೆಗೆ ಅಲ್ಲಿ ಆರಾಧನೆ ನಡೆಯುವಂತಿಲ್ಲ. ಹಾಗೆಂದು ಕಟ್ಟಡವನ್ನು ಕೆಡವುವುದಿಲ್ಲ. ಮನುಷ್ಯನಿಗೆ ಇರುವ ವಿಧಿ ಪಾಪನಿವೇದನೆ. ರಾತ್ರಿ ಪಾಳಿಯ ಕೆಲಸದಿಂದಾಗಿ ನಿಗದಿತ ಸಮಯಕ್ಕೆ ಬರಲಾಗದವರು ಗುರುಗಳನ್ನು ಬೇರೆ ವೇಳೆ ಕೇಳಲು ಸಂಕೋಚಪಡಬೇಕಾಗಿಲ್ಲ. ಭಕ್ತರಿಗೆ ಅನುಕೂಲವಾದ ದಿನ, ವೇಳೆಗಳಲ್ಲಿ ಪಾಪನಿವೇದನೆಗೆ ಅವಕಾಶ ಕೊಡಬೇಕೆಂದು ಅದೇ ಕಾನೂನು ಸಂಹಿತೆ ಗುರುಗಳಿಗೆ ವಿಧಿಸಿದೆ.