ನಡಾವಳಿಗೆ ಬಾರದ ಮಾತು

ತಂಗೀ,

ನಿಮ್ಮ ಗಚ್ಚಿಬೌಲಿ ಅಪಾರ್ಟ್‌ಮೆಂಟಿನವರು ವಾರ್ಡ್ ಸಮಿತಿಗೆ ನಿನ್ನ ಹೆಸರು ಕೊಟ್ಟಿದ್ದಾರೆಂದು ನಿಮ್ಮಪ್ಪ ಕಲಬುರಗಿಯಿಂದ ಫೋನ್ ಮಾಡಿದ್ದ. ದನಿಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು. "ಈಕಿಗೆ ಯಾಕಣ್ಣಾ ಈ ಪಾಲಿಟಿಕ್ಸ್, ಛಂದ ನೌಕರಿ ಐತಿ. ನೀವಾದ್ರೂ ಒಂದು ಮಾತು ಹೇಳ್ರಿ" ಅಂದ. ಹೇಳುತ್ತೇನೆ. ಆದರೆ ಬೇಡ ಎಂದು ಹೇಳುವವನು ನಾನಲ್ಲ. ಊರಿಗೆ ಬಂದವಳು ನೀರಿಗೆ ಬಂದೇ ಬರಬೇಕು.

ಮೇಜಿನ ಈ ಬದಿಗೆ ಕೂತು ಸಲಹೆ ಕೊಡುವವರನ್ನು ನೀನು ನೋಡಿರುತ್ತೀ. ನಾನು ಕೂತದ್ದು ಆ ಬದಿಗೆ. 2007ರ ಏಪ್ರಿಲ್‌ನಲ್ಲಿ ಹಳೆಯ ಹೈದರಾಬಾದ್ ನಗರಪಾಲಿಕೆಯೊಂದಿಗೆ ಸುತ್ತಲಿನ ಹನ್ನೆರಡು ಪುರಸಭೆಗಳು ಸೇರಿ ಜಿಎಚ್‌ಎಂಸಿ ಆಯಿತಲ್ಲ, ಅಂಥ ಒಂದು ಪುರಸಭೆಯಲ್ಲಿ ಸಭೆಯ ನಡಾವಳಿ ಬರೆಯುವ ಗುಮಾಸ್ತನಾಗಿದ್ದೆ. ದೊಡ್ಡ ದೊಡ್ಡ ಮನುಷ್ಯರು ಗಂಟಲು ಹರಿಯುವಂತೆ ಮಾತಾಡಿ, ಚಹಾ ಕುಡಿದು, ಎದ್ದು ಹೋಗುತ್ತಿದ್ದರು. ಅವರು ಹೋದ ಮೇಲೆ ನಾನು ಪೆನ್ನು ತೆಗೆಯುತ್ತಿದ್ದೆ. ಒಂದು ತಾಸಿನ ಗದ್ದಲ ನನ್ನ ಕೈಯಲ್ಲಿ ಒಂದು ಸಾಲು: "ಒಳಚರಂಡಿ ಸಮಸ್ಯೆಯ ಕುರಿತು ಚರ್ಚಿಸಲಾಯಿತು." ಮುಗಿಯಿತು. ಅದನ್ನು ಓದಿದ ಮೇಲಿನ ಅಧಿಕಾರಿಗೆ ಮಾಡಬೇಕಾದ ಕೆಲಸ ಏನೂ ಇರುತ್ತಿರಲಿಲ್ಲ. ಸಾಹೇಬರಿಗೂ ಬೇಕಾಗಿದ್ದುದು ಅದೇ.

ಅದಕ್ಕೇ ನಾನು ಮೊದಲು ಹೇಳುವ ಮಾತು, ಭಾಷಣ ಮಾಡಬೇಡ, ಬರೆಸು. ಯಾವ ರಸ್ತೆ, ಯಾವ ಕಂಬದಿಂದ ಯಾವ ಕಂಬದವರೆಗೆ, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಈ ನಾಲ್ಕೂ ನಡಾವಳಿಯಲ್ಲಿ ಬಾರದೆ ಕುರ್ಚಿ ಬಿಟ್ಟು ಏಳಬೇಡ. ಸಭೆ ಮುಗಿದ ದಿನವೇ ನಿನ್ನ ಟಿಪ್ಪಣಿಯನ್ನು ಎಲ್ಲ ಸದಸ್ಯರಿಗೂ ಅಧಿಕಾರಿಗೂ ಮೇಲ್ ಮಾಡು, 'ನಾವು ಅರ್ಥ ಮಾಡಿಕೊಂಡದ್ದು ಇಷ್ಟು, ತಪ್ಪಿದ್ದರೆ ತಿಳಿಸಿ' ಎಂದು ವಿನಯದಿಂದ. ಯಾರೂ ತಿದ್ದುವುದಿಲ್ಲ, ಓದುವುದೇ ಕಮ್ಮಿ. ಮೂರು ತಿಂಗಳ ನಂತರ ಮಾತು ತಿರುಗಿದಾಗ ಆ ಇಮೇಲೇ ನಿನ್ನ ದಾಖಲೆ. ಮುಂದಿನ ಸಭೆ ಶುರುವಾಗುವುದು ಹಿಂದಿನ ಸಭೆಯ ಕ್ರಮ ವರದಿಯಿಂದ ಎಂದು ಹಟ ಹಿಡಿ. ಇದೊಂದು ಹಟ ಸಾಕು.

ಸಲಹಾ ಸಮಿತಿಗೆ ಅಧಿಕಾರವೇ ಇಲ್ಲ, ಹೋಗಿ ಏನು ಮಾಡಲಿ ಎಂದು ನೀನು ಕೇಳಬಹುದು. ಇಲ್ಲ, ನಿಜ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದಾಗ ಬಂದ 144 ಮಂದಿಗೂ ಇರಲಿಲ್ಲ. ದಿವಾನರು ವರ್ಷದ ಆಡಳಿತದ ಲೆಕ್ಕ ಓದಿದರು, ರೈತರು ವ್ಯಾಪಾರಿಗಳು ಕೂತು ಕೇಳಿದರು, ತಮ್ಮ ಅಹವಾಲು ಹೇಳಿ ಊರಿಗೆ ಮರಳಿದರು. ಸರ್ಕಾರ ಅದನ್ನು ಒಪ್ಪಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದರೆ ಅಹವಾಲು ದಾಖಲಾಯಿತು, ಮರುವರ್ಷ ಬಂದವನು ಅದನ್ನೇ ಹಿಡಿದು ಕೇಳಿದ. ಹತ್ತು ವರ್ಷಕ್ಕೆ ಚುನಾವಣೆ ಬಂತು. ಕಾನೂನಿನ ಆಸರೆ ಸಿಕ್ಕಿದ್ದು 1923ರಲ್ಲಿ. ನಲವತ್ತು ವರ್ಷ ಬರೀ ಕೇಳುತ್ತಲೇ ಇದ್ದರು ನಮ್ಮವರು. ನೀನು ಎರಡು ಸಭೆಗೇ ಬೇಸರಪಟ್ಟುಕೊಂಡರೆ ಹೇಗೆ?

ಈಗಿನ ಕಾನೂನು ಅದಕ್ಕಿಂತ ವಾಸಿ, ಕಾಗದದ ಮೇಲೆ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಲೇ ಮೂರು ಲಕ್ಷ ಜನಸಂಖ್ಯೆ ದಾಟಿದ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿತು. 2005ರಲ್ಲಿ ಜೆನರ್ಮ್ ಎಂಬ ಕೇಂದ್ರದ ನಗರ ಯೋಜನೆ ಬಂದಾಗ, ಕೇಂದ್ರದ ಹಣ ಬೇಕಿದ್ದರೆ ನಾಗರಿಕರ ಭಾಗವಹಿಸುವಿಕೆಗೆ ಕಾನೂನು ತನ್ನಿ ಎಂದು ರಾಜ್ಯಗಳಿಗೆ ಹೇಳಿದರು. 2020ರಲ್ಲಿ ತೆಲಂಗಾಣ ವಿಧಾನಸಭೆ ಜಿಎಚ್‌ಎಂಸಿ ಕಾಯ್ದೆ ತಿದ್ದಿ ಯುವಕರು, ಮಹಿಳೆಯರು, ಹಿರಿಯರು, ಗಣ್ಯರು ಎಂದು ವಾರ್ಡಿಗೆ ನಾಲ್ಕು ಸಮಿತಿ ಎಂದಿತು. (ಗಣ್ಯರು ಯಾರೆಂದು ಗೊತ್ತುಮಾಡುವವರು ಯಾರು ಎಂದು ಮಾತ್ರ ನನ್ನನ್ನು ಕೇಳಬೇಡ.) ಬೆಂಗಳೂರಿನದೂ ಇದೇ ಕಥೆ. 2016ರ ನಿಯಮದಲ್ಲಿ ಹತ್ತು ಜನರ ಸಮಿತಿ, ಅದರಲ್ಲಿ ಕನಿಷ್ಠ ಮೂವರು ಹೆಂಗಸರು ಎಂದೆಲ್ಲ ಚೆನ್ನಾಗಿಯೇ ಬರೆದರು. ಹೈಕೋರ್ಟು ಕಣ್ಣು ಕೆಂಪು ಮಾಡಿದ ಮೇಲೆ ಸಮಿತಿಗಳು ಕೂತವು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು, ಆದರೂ ಕೆಲವು ವಾರ್ಡುಗಳಲ್ಲಿ ಜನ ನೋಡಲ್ ಅಧಿಕಾರಿಯನ್ನು ಮುಂದೆ ಕೂರಿಸಿಕೊಂಡು ತಿಂಗಳ ಸಭೆ ಬಿಡಲಿಲ್ಲ. ಕಾನೂನು ಬಾಗಿಲು ತೋರಿಸುತ್ತದೆ, ತಂಗೀ. ತಳ್ಳುವುದು ನಿಮ್ಮ ಕೆಲಸ.

ಇನ್ನು ನಿಮ್ಮ ಗಚ್ಚಿಬೌಲಿ. ಅಲ್ಲಿ ಅರ್ಧ ಜಗಳ 'ಇದು ನಮ್ಮದಲ್ಲ' ಎನ್ನುವುದರಲ್ಲೇ ಹೋಗುತ್ತದೆ. ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದು, ಮಳೆನೀರಿನ ಚರಂಡಿ ಪಾಲಿಕೆಯದು. ಔಟರ್ ರಿಂಗ್ ರೋಡಿನ ದೊರೆ ಬೇರೆ. ಫೈನಾನ್ಶಿಯಲ್ ಡಿಸ್ಟ್ರಿಕ್ಟ್ ಕಡೆ ಹೋದರೆ ಕೈಗಾರಿಕಾ ನಿಗಮದ ಐಲಾ ಎಂಬ ಪ್ರಾಧಿಕಾರ ಆಸ್ತಿ ತೆರಿಗೆ ತೆಗೆದುಕೊಂಡು, ಅದರಲ್ಲೊಂದು ಪಾಲನ್ನು ಸ್ಥಳೀಯ ಸಂಸ್ಥೆಗೆ ಕೊಡುತ್ತದೆ. ಸಂಚಾರದ ವಿಚಾರವಾದರೆ ಸೈಬರಾಬಾದ್ ಪೊಲೀಸರು. ನೀನು ತಪ್ಪು ಕಚೇರಿಗೆ ಬರೆದ ಅರ್ಜಿ ವಾಪಸ್ ಬರುವುದಿಲ್ಲ, ಅಲ್ಲೇ ಮಲಗುತ್ತದೆ. ಮೊದಲ ತಿಂಗಳು ಬೇರೆ ಏನೂ ಮಾಡದಿದ್ದರೂ ಸರಿ, ನಿನ್ನ ವಾರ್ಡಿನ ನಕ್ಷೆ ಹಿಡಿದು ಯಾವ ಚರಂಡಿ ಯಾರದು, ಯಾವ ದೀಪ ಯಾರದು ಎಂದು ಬಣ್ಣ ಹಾಕು. ವಾರ್ಡಿನ ಗಡಿ, ಪಾಲಿಕೆಯ ಗಡಿ ಆಗಾಗ ಬದಲಾಗುತ್ತವೆ. ನೀರು ಹರಿಯುವ ಇಳಿಜಾರು ಬದಲಾಗುವುದಿಲ್ಲ, ಅದನ್ನು ಮರೆಯಬೇಡ.

ನೀರಿನ ಮಾತು ಬಂತು, ಹೂಳಿನ ವಿಚಾರ ಹೇಳಿಬಿಡುತ್ತೇನೆ. ನಿಮ್ಮದು ಬಂಡೆಗಳ ಮೇಲೆ ಎದ್ದ ಊರು. ಬಿದ್ದ ಮಳೆ ಇಂಗುವುದು ಕಮ್ಮಿ, ಓಡುವುದೇ ಹೆಚ್ಚು. 2020ರ ಅಕ್ಟೋಬರ್ 13ರ ರಾತ್ರಿ ಈ ಊರು ಏನಾಯಿತೆಂದು ನೀನು ಟೀವಿಯಲ್ಲಿ ನೋಡಿರಬೇಕು. ಪ್ರತಿ ಬೇಸಿಗೆಯಲ್ಲಿ ನಾಲಾ ಹೂಳು ತೆಗೆಯುತ್ತಾರೆ, ಇಲ್ಲಿನವರು ಪೂಡಿಕ ಎನ್ನುತ್ತಾರೆ. ತೆಗೆದ ಹೂಳನ್ನು ನಾಲಾ ದಂಡೆಯ ಮೇಲೇ ಗುಡ್ಡೆ ಹಾಕುತ್ತಾರೆ, 'ಒಣಗಲಿ' ಅಂತ. ಒಣಗುವುದರೊಳಗೆ ಮುಂಗಾರಿನ ಮೊದಲ ಮಳೆ ಬಂದು ಅಷ್ಟನ್ನೂ ಮತ್ತೆ ಒಳಗೆ ತಳ್ಳುತ್ತದೆ. ಬಿಲ್ಲು ಮಾತ್ರ ಪಾಸಾಗಿರುತ್ತದೆ, ಮುಂದಿನ ವರ್ಷ ಅದೇ ಹೂಳಿಗೆ ಮತ್ತೊಂದು ಬಿಲ್ಲು. ಸಮಿತಿಯ ಸದಸ್ಯೆಯಾಗಿ ನೀನು ಜೆಸಿಬಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಿಲ್ಲ. ಗುಡ್ಡೆ ಎದ್ದ ದಿನದ ಫೋಟೋ ಒಂದು, ವಾರದ ಮೇಲೆ ಅದೇ ಜಾಗದ್ದು ಇನ್ನೊಂದು. ಲಾರಿ ಎಷ್ಟು ಸಲ ಹೋಯಿತು, ಎಲ್ಲಿ ಸುರಿಯಿತು ಎಂಬ ಚೀಟಿ ತೋರಿಸಿ ಎಂದು ಎಂಜಿನಿಯರನ್ನು ಸಭೆಯಲ್ಲಿ ಕೇಳು. ಏರುದನಿ ಬೇಡ, ಚೀಟಿ ಮಾತ್ರ ಕೇಳು. ಆ ಒಂದು ಪ್ರಶ್ನೆಗೆ ನಾನು ಕಂಡ ಕೋಣೆಗಳಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು.

ಆಮೇಲೆ, ಗೇಟಿನ ಮಾತು. ನಿನ್ನನ್ನು ಕಳಿಸಿದ್ದು ಅಪಾರ್ಟ್‌ಮೆಂಟಿನವರು. ಅವರ ಪಟ್ಟಿ ನನಗೆ ಗೊತ್ತು: ನಾಯಿ, ಪಾರ್ಕಿಂಗ್, ಸ್ಪೀಡ್ ಬ್ರೇಕರ್, ಗೇಟಿನ ಎದುರು ನಿಲ್ಲುವ ಬಂಡಿಗಳನ್ನು ಎತ್ತಿಸುವುದು. ಬೆಳಗ್ಗೆ ಆರಕ್ಕೆ ಆ ಇಡ್ಲಿ ಬಂಡಿಯ ಮುಂದೆ ಹೋಗಿ ನಿಲ್ಲು ಒಂದು ದಿನ. ರಾತ್ರಿ ಪಾಳಿ ಮುಗಿಸಿದ ನಿಮ್ಮ ವಾಚ್‌ಮನ್, ಕ್ಯಾಬ್ ಹುಡುಗರು, ಗೋಪನಪಲ್ಲಿ ಕಡೆಯಿಂದ ಮನೆಗೆಲಸಕ್ಕೆ ಬರುವ ಹೆಂಗಸರು, ಅಡ್ಡಾದಲ್ಲಿ ಕೂಲಿಗೆ ಕಾಯುವ ಮೇಸ್ತ್ರಿಗಳು ಎಲ್ಲರೂ ಅಲ್ಲೇ ಇರುತ್ತಾರೆ. ಅವರನ್ನು ಯಾರೂ ಸಮಿತಿಗೆ ಕಳಿಸಿಲ್ಲ. ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಇಟ್ಟರೆ ಅವರು ಬರುವುದೂ ಇಲ್ಲ, ಕೂಲಿ ಹೋಗುತ್ತದೆ. ಬಂಡಿ ಎತ್ತಿಸಬೇಕೆಂದು ಠರಾವು ಬಂದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಮುಂದಿಡು. ಸಮೀಕ್ಷೆ ಮುಗಿಯುವವರೆಗೆ ಎತ್ತಿಸುವಂತಿಲ್ಲ. ಜಾಗದ ವಿಚಾರಕ್ಕೆ ಪಟ್ಟಣ ಮಾರಾಟ ಸಮಿತಿ ಎಂದು ಬೇರೆಯೇ ಇದೆ, ಅದರಲ್ಲಿ ನೂರಕ್ಕೆ ನಲವತ್ತಕ್ಕೆ ಕಮ್ಮಿಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರು. ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪಿನಲ್ಲಿ ಆ ದಿನ ನಿನಗೆ ಮಂಗಳಾರತಿ ಆಗುತ್ತದೆ. ಆಗಲಿ.

ಅದೇ ವಾಟ್ಸಾಪಿನಲ್ಲಿ ಪೌರಕಾರ್ಮಿಕರ ಫೋಟೋ ಹಾಕಿ 'ನೋಡಿ, ಕೆಲಸ ಬಿಟ್ಟು ಕೂತಿದ್ದಾರೆ' ಎನ್ನುವವರಿದ್ದಾರೆ. ನೀನು ಆ ಸಾಲಿಗೆ ಸೇರಬೇಡ. ನಸುಕಿನಲ್ಲಿ ಎದ್ದು ಬಂದ ಜೀವ ಒಂಬತ್ತಕ್ಕೆ ಹತ್ತು ನಿಮಿಷ ಕೂತಿರುತ್ತದೆ. ಕೇಳುವುದಿದ್ದರೆ, ಆ ಬೀದಿಗೆ ಎಷ್ಟು ಜನರ ಹೆಸರಿನಲ್ಲಿ ಹಾಜರಿ ಬೀಳುತ್ತದೆ, ಎಷ್ಟು ಜನ ಬರುತ್ತಾರೆ ಎಂದು ಮೇಲಿನವರನ್ನು ಕೇಳು.

ಒಂದು ಸೂಕ್ಷ್ಮ. ನೀನು ಸದಸ್ಯೆ ಆಗಿ ಎರಡು ತಿಂಗಳೊಳಗೆ ನಿಮ್ಮ ಗೇಟಿನ ಮುಂದಿನ ದೀಪ ತಾನಾಗಿ ರಿಪೇರಿ ಆಗುತ್ತದೆ. 'ಮೇಡಂ, ಇನ್ನೇನಾದರೂ ಇದ್ದರೆ ನೇರವಾಗಿ ನನಗೇ ಫೋನ್ ಮಾಡಿ' ಎಂದು ಯಾರೋ ನಗುತ್ತಾ ಹೇಳುತ್ತಾರೆ. ಲಂಚ ಅಲ್ಲ ಅದು, ಅದಕ್ಕಿಂತ ಅಗ್ಗದ್ದು. ಅವತ್ತಿನಿಂದ ನಿನ್ನ ಬಾಯಿ ಮೆತ್ತಗಾಗುತ್ತದೆ. ನಾನು ಹಾಗೆ ಮೆತ್ತಗಾದ ಒಳ್ಳೊಳ್ಳೆಯವರನ್ನು ಕಂಡಿದ್ದೇನೆ. ದೀಪ ಬೇಕಾದರೆ ಎಲ್ಲರ ಹಾಗೆ ದೂರು ಬರೆದು ನಂಬರು ತಗೋ.

ಎಲ್ಲವೂ ಸಮಿತಿಯಲ್ಲೇ ಬಗೆಹರಿಯುತ್ತದೆ ಎಂದೂ ತಿಳಿಯಬೇಡ. ನಿಮ್ಮ ಪಕ್ಕದಲ್ಲೇ ಕಂಚ ಗಚ್ಚಿಬೌಲಿಯ ನಾನೂರು ಎಕರೆಯಲ್ಲಿ 2025ರಲ್ಲಿ ಮರ ಉರುಳಿದಾಗ ತಡೆದು ನಿಂತದ್ದು ಯಾವ ವಾರ್ಡ್ ಸಮಿತಿಯೂ ಅಲ್ಲ. ಸೆಂಟ್ರಲ್ ಯೂನಿವರ್ಸಿಟಿಯ ಹುಡುಗರು ಬೀದಿಗಿಳಿದರು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಕೆಲಸ ನಿಲ್ಲಿಸಿತು. ಸಮಿತಿಯಲ್ಲಿ ಕೂತ ಮಾತ್ರಕ್ಕೆ ಬೀದಿಯ ಬಾಗಿಲು ಮುಚ್ಚಿಕೊಳ್ಳಬೇಕಿಲ್ಲ.

ನಾವು ಹೊರಗಿನವರು ಎಂಬ ಸಂಕೋಚ ನಿಮ್ಮಪ್ಪನಿಗೆ ಇನ್ನೂ ಇದೆ, ನಿನಗದು ಬೇಡ. ಕಲಬುರಗಿ, ಬೀದರ್, ರಾಯಚೂರು 1956ರವರೆಗೆ ಈ ಹೈದರಾಬಾದಿನ ರಾಜ್ಯದಲ್ಲೇ ಇದ್ದವು, ನಮ್ಮ ಅಜ್ಜ ಕೋರ್ಟು ಕಚೇರಿಗೆಂದು ಬರುತ್ತಿದ್ದುದು ಇಲ್ಲಿಗೇ. ತೆಲುಗು ಮಾತಾಡು, ತಪ್ಪಿದರೆ ತಪ್ಪಲಿ. ಬಸ್ತಿಯಲ್ಲಿ ದಖನಿಯೂ ನಡೆಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ಕಲಬುರಗಿಯಲ್ಲೇ ಇದೆಯಂತೆ? ಮೊದಲು ಅದನ್ನು ಇಲ್ಲಿಗೆ ತರಿಸು. 2020ರ ಪಾಲಿಕೆ ಚುನಾವಣೆಯಲ್ಲಿ ಈ ಊರಿನಲ್ಲಿ ಮತ ಹಾಕಿದವರು ಶೇ. 46ರ ಆಸುಪಾಸು. ಓಟಿಲ್ಲದವಳ ಸಲಹೆಯನ್ನು ಕಾರ್ಪೊರೇಟರ್ ಎಷ್ಟು ಕೇಳುತ್ತಾನೆಂದು ನಾನು ಬಿಡಿಸಿ ಹೇಳಬೇಕೆ?

ಸಭೆಯ ನೋಟಿಸು ಬಂದ ಕೂಡಲೇ ನನ್ನ ಫೋನಿಗೆ ಕಳಿಸು. ಅಜೆಂಡಾ ಇಲ್ಲದ ನೋಟಿಸಾದರೆ ಅಜೆಂಡಾ ಕೇಳಿ ಅವತ್ತೇ ಬರೆ. ಹಿಂದಿನ ವರ್ಷದ ನಾಲಾ ಹೂಳಿನ ಕೆಲಸದ ಅಳತೆ ಪುಸ್ತಕ, ಬಿಲ್ಲಿನ ನಕಲು ಬೇಕೆಂದು ಈಗಲೇ ಒಂದು ಆರ್‌ಟಿಐ ಅರ್ಜಿ ಹಾಕು. ಮೂವತ್ತು ದಿನದೊಳಗೆ ಕೊಡಬೇಕು. ಏನು ಕೇಳಬೇಕೆಂದು ನಿನಗೆ ತಿಳಿಯದಿದ್ದರೆ ಭಾನುವಾರ ಕಾಚಿಗುಡಕ್ಕೆ ಬಾ, ಅಳತೆ ಪುಸ್ತಕ ಓದುವುದು ಹೇಗೆಂದು ಕೂತು ತೋರಿಸುತ್ತೇನೆ.

ನಿನ್ನ ದೊಡ್ಡಪ್ಪ