ಹಳೆಯ ಜೀಪಿಗೆ ಟ್ರೇಲರ್ ಕೊಕ್ಕೆಯನ್ನು ಜೋಡಿಸುವುದಕ್ಕೆ ಮುಂಚೆ ಸ್ಟೀರಿಂಗನ್ನು ಸರಿಪಡಿಸುವ ಕ್ರಮ

ಕೊಡಗು, ಚಿಕ್ಕಮಗಳೂರು, ಹಾಸನ ಮೊದಲಾದ ಜಿಲ್ಲೆಗಳ ತೋಟಗಾರರಿಗೆ ಜೀಪು ಹೊಸ ವಸ್ತುವಲ್ಲ. 1947ರಲ್ಲಿ ಮಹೀಂದ್ರ ಕಂಪೆನಿಯವರು ಈ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲಾರಂಭಿಸಿದರು. ಅಲ್ಲಿಂದೀಚೆಗೆ ಆ ಜಾತಿಯ ಗಾಡಿಗಳೂ, 1994ರಲ್ಲಿ ಹೊರಬಂದ ಟಾಟಾ ಸುಮೊ, 2000ದಲ್ಲಿ ಹೊರಬಂದ ಬೊಲೆರೊ ಮುಂತಾದವೂ ಗ್ರಾಮಾಂತರಗಳಲ್ಲಿ ಬಹಳವಾಗಿ ಬಳಕೆಗೆ ಬಂದಿವೆ. ಇಂತಹ ಗಾಡಿಯು ಹದಿನೈದಿಪ್ಪತ್ತು ವರ್ಷ ದುಡಿದ ಮೇಲೆ ಯಜಮಾನನು ಅದನ್ನು ಮಾರದೆ, ಅದರ ಹಿಂದೆ ಸಣ್ಣ ಟ್ರೇಲರೊಂದನ್ನು ಕಟ್ಟಿ, ಗೊಬ್ಬರ, ಕಾಫಿ ಮೂಟೆ, ನೀರಿನ ಕೊಳವೆ ಮೊದಲಾದುವನ್ನು ಸಾಗಿಸಲು ಬಯಸುವುದು ಸಹಜವೇ ಆಗಿದೆ. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದೊಳಗೆ ಕೊಕ್ಕೆಯನ್ನು ಕೂಡಿಸಿಕೊಂಡು, ಮೊದಲೇ ಸಡಿಲವಾಗಿರುವ ಸ್ಟೀರಿಂಗನ್ನು ಹಾಗೆಯೇ ಬಿಟ್ಟು, ಮರುದಿನವೇ ಹೊರೆಯೊಡನೆ ಘಟ್ಟವನ್ನು ಇಳಿಯುವವರು ವಿರಳರಲ್ಲ. ಕೊಕ್ಕೆಯು ಹಿಂದಿನ ಕೆಲಸ, ಸ್ಟೀರಿಂಗು ಮುಂದಿನ ಕೆಲಸ, ಒಂದಕ್ಕೊಂದು ಸಂಬಂಧವಿಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವು. ವಾಸ್ತವದಲ್ಲಿ ಇವೆರಡೂ ಒಂದೇ ಕೆಲಸದ ಎರಡು ತುದಿಗಳು.

ಹಿಂದಿನ ಹೊರೆ ಮುಂದಿನ ಗಾಲಿಯನ್ನು ಹಗುರ ಮಾಡುವ ಬಗೆ.— ಎತ್ತಿನ ಬಂಡಿಯನ್ನು ಹೂಡಿದವರೆಲ್ಲರಿಗೂ ಮುಂಭಾರ ಹಿಂಭಾರಗಳ ವಿಚಾರವು ತಿಳಿದಿರುವುದಷ್ಟೆ. ಮುಂಭಾರವಾದರೆ ನೊಗವು ಎತ್ತುಗಳ ಕತ್ತನ್ನು ಅಮುಕುವುದು. ಹಿಂಭಾರವಾದರೆ ಮೂಕಿಯು ಮೇಲಕ್ಕೇಳುವುದು. ಟ್ರೇಲರಿನ ವಿಷಯದಲ್ಲಿಯೂ ಇದೇ ನಿಯಮವು. ಎತ್ತಿನ ಕತ್ತಿನ ಸ್ಥಾನದಲ್ಲಿ ಇಲ್ಲಿ ಜೀಪಿನ ಕೊಕ್ಕೆ ಇರುವುದು. ಆ ಕೊಕ್ಕೆಯು ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಇರುವುದರಿಂದ, ಅದರ ಮೇಲೆ ಬಿದ್ದ ಭಾರವು ಹಿಂದಿನ ಅಚ್ಚನ್ನು ಆಧಾರವಾಗಿ ಹಿಡಿದು, ಏತದ ಮರದಂತೆ ಜೀಪಿನ ಮುಂಭಾಗವನ್ನು ಮೇಲಕ್ಕೆತ್ತುವುದು.

ಉದಾಹರಣೆಗೆ, ಎರಡು ಅಚ್ಚುಗಳ ನಡುವಣ ಅಂತರವು 2.3 ಮೀಟರು, ಹಿಂದಿನ ಅಚ್ಚಿನಿಂದ ಕೊಕ್ಕೆಗೆ 0.9 ಮೀಟರು ಎಂದು ಇಟ್ಟುಕೊಳ್ಳಬಹುದು. ಕೊಕ್ಕೆಯ ಮೇಲೆ 70 ಕಿಲೋಗ್ರಾಂ ಭಾರ ಬಿದ್ದರೆ ಮುಂದಿನ ಗಾಲಿಗಳಿಂದ ಸುಮಾರು 27 ಕಿಲೋ ಕಡಿಮೆಯಾಗಿ, ಹಿಂದಿನ ಗಾಲಿಗಳ ಮೇಲೆ ಸುಮಾರು 97 ಕಿಲೋ ಹೆಚ್ಚುವುದು. ಇದನ್ನು ಒಳ್ಳೆಯ ಗಾಡಿಯು ತಾಳಿಕೊಳ್ಳುವುದು. ಮೂಟೆಗಳನ್ನೆಲ್ಲ ಟ್ರೇಲರಿನ ಮುಂಭಾಗಕ್ಕೇ ತುಂಬಿ ಕೊಕ್ಕೆಯ ಮೇಲೆ 200 ಕಿಲೋ ಬೀಳುವಂತೆ ಮಾಡಿದರೆ, ಮುಂದಿನಿಂದ 78 ಕಿಲೋ ಹೋಗುವುದು. ಆಗ ಸ್ಟೀರಿಂಗು ಕೈಗೆ ಹಗುರವಾಗಿ ತೋರುವುದು. ನಡೆಸುವವನು ಅದನ್ನು ಸುಖವೆಂದು ಎಣಿಸುವನು. ಆದರೆ ಅದು ಟೈರುಗಳು ನೆಲದ ಹಿಡಿತವನ್ನು ಬಿಡುತ್ತಿರುವ ಗುರುತು.

ಹಿಂಭಾರವಾದರೆ ಅಪಾಯವು ಇನ್ನೊಂದು ಬಗೆಯದು. ಕೊಕ್ಕೆಯ ಮೇಲೆ ಭಾರವಿಲ್ಲದ ಟ್ರೇಲರು ವೇಗದಲ್ಲಿ ಬಾಲದಂತೆ ಅತ್ತಿತ್ತ ಬೀಸಲಾರಂಭಿಸುವುದು. ಪ್ರತಿಯೊಂದು ಬೀಸಿಗೂ ಜೀಪಿನ ಹಿಂಭಾಗವು ಪಕ್ಕಕ್ಕೆ ಸರಿಯುವುದು. ಈ ಎರಡು ಸಂದರ್ಭಗಳಲ್ಲಿಯೂ ಗಾಡಿಯನ್ನು ದಾರಿಗೆ ತರಬೇಕಾದದ್ದು ಸ್ಟೀರಿಂಗೊಂದೇ. ಅದರಲ್ಲಿ ಸಡಿಲಿದ್ದರೆ ಕೈ ತಿರುಗಿದ ಮೇಲೆ ಗಾಲಿ ತಿರುಗುವುದಕ್ಕೆ ತಡವಾಗುವುದು. ತಡವಾಗಿ ಬಂದ ತಿದ್ದುಪಡಿಯು ಬೀಸನ್ನು ಹೆಚ್ಚಿಸುವುದೇ ಹೊರತು ತಗ್ಗಿಸದು. ಆದುದರಿಂದ ಸ್ಟೀರಿಂಗನ್ನು ಮೊದಲು ಸರಿಪಡಿಸಿ, ಅನಂತರವೇ ಕೊಕ್ಕೆಯನ್ನು ಜೋಡಿಸತಕ್ಕದ್ದು.

ಸ್ಟೀರಿಂಗಿನ ಪರೀಕ್ಷೆ.— ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳನ್ನು ನೆಟ್ಟಗಿರಿಸಿ, ಸ್ಟೀರಿಂಗ್ ಚಕ್ರವನ್ನು ಎಡಬಲಗಳಿಗೆ ಮೆಲ್ಲನೆ ತಿರುಗಿಸಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನು ನಡೆಯುತ್ತಿರಬೇಕು. ಗಾಲಿಗಳು ಅಲುಗುವುದಕ್ಕೆ ಮುಂಚೆ ಚಕ್ರದ ಅಂಚು ಎಷ್ಟು ದೂರ ಬರಿದೆ ತಿರುಗುವುದೋ ಅದೇ ಸಡಿಲಿನ ಅಳತೆ. ಹಳೆಯ ಗಾಡಿಯಲ್ಲಿ ಒಂದು ಅಂಗುಲದಷ್ಟು ಇರಬಹುದು. ಎರಡು ಅಂಗುಲವನ್ನು ಮುಟ್ಟಿದರೆ ಕಾರಣವನ್ನು ಹುಡುಕದೆ ಬಿಡಲಾಗದು.

ಒಬ್ಬನು ಹೀಗೆ ಚಕ್ರವನ್ನು ಅಲುಗಿಸುತ್ತಿರುವಾಗ ಇನ್ನೊಬ್ಬನು ಕೆಳಗಿನ ಕೀಲುಗಳನ್ನು ಒಂದೊಂದಾಗಿ ನೋಡಬೇಕು. ಸ್ಟೀರಿಂಗ್ ಪೆಟ್ಟಿಗೆಯನ್ನು ಛಾಸಿಗೆ ಬಿಗಿದ ಬೋಲ್ಟುಗಳು, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡಿನ ಎರಡು ತುದಿಗಳ ಗುಂಡುಕೀಲುಗಳು, ಇವುಗಳಲ್ಲಿ ಒಂದು ಭಾಗವು ಅಲುಗಿ ಅದಕ್ಕೆ ಸೇರಿದ ಇನ್ನೊಂದು ಅಲುಗದಿದ್ದರೆ ಅಲ್ಲಿಯೇ ಸವೆತವಿರುವುದು. ಬಳಿಕ ಹಿಂದಿನ ಗಾಲಿಗಳಿಗೆ ಅಡ್ಡಗಲ್ಲನ್ನಿಟ್ಟು, ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ, ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಸಡಿಲು ಕಂಡರೆ ಮತ್ತೊಬ್ಬನು ಬ್ರೇಕನ್ನು ಒತ್ತಿ ಹಿಡಿಯಲಿ. ಒತ್ತಿದಾಗ ಸಡಿಲು ಮಾಯವಾದರೆ ಗಾಲಿಯ ಬೇರಿಂಗು ಸವೆದಿದೆ. ಹಾಗೆಯೇ ಉಳಿದರೆ, ಇಡೀ ಅಚ್ಚುಳ್ಳ ಹಳೆಯ ಜೀಪುಗಳಲ್ಲಿ ಕಿಂಗ್ ಪಿನ್ ಸವೆದಿದೆ ಎಂದು ತಿಳಿಯಬಹುದು. ಕಮಾನು ಪಟ್ಟೆಗಳ ಬುಷ್‌ಗಳನ್ನೂ ನೋಡಬೇಕು. ಅವು ಸವೆದರೆ ಅಚ್ಚೇ ಪಕ್ಕಕ್ಕೆ ಸರಿದಾಡುವುದು.

ದೋಷಪರಿಹಾರ.— ಸ್ಟೀರಿಂಗ್ ಪೆಟ್ಟಿಗೆಯ ಮೇಲಿರುವ ಸ್ಕ್ರೂವನ್ನು ಬಿಗಿದುಬಿಡುವುದು ಅನೇಕ ಕಡೆ ನಡೆದಿರುವ ಸುಲಭೋಪಾಯವು. ಗಾಡಿಯು ಹೆಚ್ಚಾಗಿ ನೇರವಾಗಿಯೇ ಓಡುವುದರಿಂದ ಪೆಟ್ಟಿಗೆಯೊಳಗಣ ಸುರುಳಿಯು ನಡುವಿನಲ್ಲಿ ಹೆಚ್ಚು ಸವೆದಿರುವುದು, ಎರಡು ತುದಿಗಳಲ್ಲಿ ಕಡಿಮೆ ಸವೆದಿರುವುದು. ನಡುವಿನ ಸಡಿಲು ಹೋಗುವ ತನಕ ಬಿಗಿದರೆ ತಿರುವಿನಲ್ಲಿ ಚಕ್ರವು ಕಚ್ಚಿಕೊಳ್ಳುವುದು. ಆದುದರಿಂದ ಮೊದಲು ಕೀಲುಗಳನ್ನೂ ಕಿಂಗ್ ಪಿನ್ನನ್ನೂ ಬದಲಾಯಿಸಿ, ಉಳಿದ ಅಲ್ಪ ಸಡಿಲನ್ನು ಮಾತ್ರ ಸ್ಕ್ರೂವಿನಿಂದ ತಗ್ಗಿಸಿ, ಚಕ್ರವು ಎರಡು ಕೊನೆಗಳಿಗೂ ತಡೆಯಿಲ್ಲದೆ ತಿರುಗುವುದೇ ಎಂದು ನೋಡಬೇಕು. ಕುಳಿಗೆ ಬಿದ್ದೊಡನೆ ಮುಂಭಾಗವೆಲ್ಲ ನಡುಗುವ ಜೀಪಿಗೆ ಸ್ಟೀರಿಂಗ್ ಡ್ಯಾಂಪರನ್ನು ಹಾಕಿದರೆ ನಡುಕವು ಅಡಗಬಹುದು, ಸವೆತವು ಅಡಗದು.

ಬಾಗಿದ ಟೈ ರಾಡನ್ನು ಕಾಯಿಸಿ ನೆಟ್ಟಗೆ ಮಾಡಕೂಡದು. ಬಿರುಕುಬಿಟ್ಟ ಡ್ರಾಪ್ ಆರ್ಮನ್ನು ವೆಲ್ಡ್ ಮಾಡಕೂಡದು. ಇವುಗಳಿಗೆ ಹೊಸದೊಂದೇ ಮದ್ದು. ನಟ್ಟುಗಳ ಸೀಳುಪಿನ್ನುಗಳನ್ನು ಪ್ರತಿಸಲವೂ ಹೊಸದಾಗಿ ಹಾಕತಕ್ಕದ್ದು. ಬಂಡಿಗೆ ಕಡೆಗೀಲು ಹೇಗೋ ಸ್ಟೀರಿಂಗಿಗೆ ಈ ಪಿನ್ನು ಹಾಗೆ.

ಕೀಲುಗಳು ಬದಲಾದ ಮೇಲೆ ಗಾಲಿಗಳ ಓರೆಯನ್ನು ಅಳೆಯಬೇಕು. ಎರಡು ಮುಂದಿನ ಟೈರುಗಳ ನಡುಪಟ್ಟಿಯಲ್ಲಿ, ಮುಂಬದಿಗೆ, ಅಚ್ಚಿನ ಎತ್ತರದಲ್ಲಿ ಸುಣ್ಣದ ಗುರುತು ಹಾಕಿ, ಗುರುತುಗಳ ನಡುವಣ ಅಂತರವನ್ನು ಅಳೆದು, ಗಾಲಿಯು ಅರ್ಧ ಸುತ್ತು ಉರುಳುವಷ್ಟು ಜೀಪನ್ನು ಮುಂದಕ್ಕೆ ತಳ್ಳಿ, ಅವೇ ಗುರುತುಗಳನ್ನು ಹಿಂಬದಿಯಲ್ಲಿ ಮತ್ತೆ ಅಳೆಯುವುದು. ಹಳೆಯ ಜೀಪುಗಳಲ್ಲಿ ಮುಂದಿನ ಅಳತೆಯು ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರು ಕಡಿಮೆಯಿರಬೇಕು. ಇತರ ಗಾಡಿಗಳಿಗೆ ತಯಾರಕರ ಕೈಪಿಡಿಯೇ ಪ್ರಮಾಣವು.

ಕೊಕ್ಕೆಯ ಜೋಡಣೆ.— ಕೊಕ್ಕೆಯನ್ನು ಬಂಪರಿಗೆ ಎಂದಿಗೂ ಕೂಡಿಸಲಾಗದು. ಎಳೆತವು ಛಾಸಿಯ ಎರಡು ಉದ್ದ ತೊಲೆಗಳಿಗೂ ಹಂಚಿಹೋಗಬೇಕು. ಹಿಂದಿನ ಅಡ್ಡತೊಲೆಯು ಮಲೆನಾಡಿನ ತೇವಕ್ಕೆ ಒಳಗಿನಿಂದಲೇ ತುಕ್ಕು ಹಿಡಿದಿರಬಹುದು. ಸುತ್ತಿಗೆಯಿಂದ ತಟ್ಟಿದಾಗ ಮಂದವಾದ ಸದ್ದು ಬಂದು ಹೊಪ್ಪಳೆ ಉದುರಿದರೆ ಆ ತೊಲೆಯನ್ನು ಮೊದಲು ಬದಲಾಯಿಸಬೇಕು. ರಂಧ್ರಗಳನ್ನು ಗ್ಯಾಸಿನಿಂದ ಸುಡದೆ ಡ್ರಿಲ್ಲಿನಿಂದ ಕೊರೆಯಬೇಕು. ತೊಲೆಯು ಪೆಟ್ಟಿಗೆಯಂತೆ ಟೊಳ್ಳಾಗಿದ್ದರೆ ಬೋಲ್ಟಿನ ಸುತ್ತ ಒಳಗೆ ಉಕ್ಕಿನ ಕೊಳವೆಯ ತುಂಡನ್ನು ಇಡಬೇಕು. ಇಲ್ಲದಿದ್ದರೆ ಬಿಗಿದಂತೆ ತೊಲೆಯು ಅಪ್ಪಚ್ಚಿಯಾಗಿ ಬೋಲ್ಟು ಸಡಿಲುವುದು. ಬೋಲ್ಟುಗಳು 12 ಮಿಲಿಮೀಟರಿಗೆ ಕಡಿಮೆಯಿಲ್ಲದೆ, ತಲೆಯ ಮೇಲೆ 8.8 ಎಂಬ ಗುರುತುಳ್ಳವಾಗಿರಬೇಕು. ವೆಲ್ಡಿಂಗ್ ಅಗತ್ಯವಾದರೆ ಬ್ಯಾಟರಿಯ ತಂತಿಯನ್ನು ಬಿಡಿಸಿ, ಇಂಧನದ ಟ್ಯಾಂಕನ್ನು ದೂರವಿರಿಸಿಯೇ ಮಾಡತಕ್ಕದ್ದು. ಮೊದಲ 100 ಕಿಲೋಮೀಟರು ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೆ ಬಿಗಿಯಬೇಕು.

ಗುಂಡಿನ ಕೊಕ್ಕೆಯಾದರೆ ಗುಂಡೂ ಬಟ್ಟಲೂ ಒಂದೇ ಅಳತೆಯವಾಗಿರಲಿ. ಟ್ರೇಲರು ಸಮವಾಗಿ ನಿಲ್ಲುವಂತೆ ಕೊಕ್ಕೆಯ ಎತ್ತರವನ್ನು ಗೊತ್ತುಮಾಡಬೇಕು. ಕೊಕ್ಕೆ ಕಳಚಿದರೂ ಟ್ರೇಲರು ದಾರಿಯ ಪಾಲಾಗದಂತೆ ಎರಡು ಸರಪಣಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರವಾಗಿ ಹಾಯಿಸಿ ಛಾಸಿಗೇ ಕಟ್ಟಬೇಕು.

ಹೊರೆಯ ಅಳತೆ.— ಕೊಕ್ಕೆಯ ಮೇಲೆ ಬೀಳುವ ಭಾರವು ತುಂಬಿದ ಟ್ರೇಲರಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಇರುವುದು ಉಚಿತವು. ಆದರೆ ತಯಾರಕರು ಗೊತ್ತುಮಾಡಿದ ಮಿತಿಯನ್ನು ಮೀರಕೂಡದು. ಕಾಫಿ ಮೂಟೆಯನ್ನು ತೂಗುವ ನೆಲತಕ್ಕಡಿಯ ಮೇಲೆ ಕೊಕ್ಕೆಯ ಎತ್ತರದ ಮರದ ತುಂಡೊಂದನ್ನು ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟ ಟ್ರೇಲರಿನ ಮೂಕಿಯನ್ನು ಅದರ ಮೇಲೆ ಇಟ್ಟು, ತುಂಡಿನ ತೂಕವನ್ನು ಕಳೆದರೆ ಲೆಕ್ಕವು ದೊರೆಯುವುದು. 700 ಕಿಲೋ ತೂಕದ ಟ್ರೇಲರಿಗೆ 70 ಕಿಲೋ ಸರಿ. ಹೆಚ್ಚುಕಡಿಮೆಯಾದರೆ ಮೂಟೆಗಳನ್ನು ಹಿಂದಕ್ಕೋ ಮುಂದಕ್ಕೋ ಸರಿಸುವುದೇ ಪರಿಹಾರವು.

ಬ್ರೇಕು ಮತ್ತು ಕಾನೂನು.— ಬ್ರೇಕಿಲ್ಲದ ಟ್ರೇಲರು ಇಳಿಜಾರಿನಲ್ಲಿ ಜೀಪನ್ನು ಹಿಂದಿನಿಂದ ನೂಕುವುದು. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಒಟ್ಟು ತೂಕ 750 ಕಿಲೋಗ್ರಾಮನ್ನು ಮೀರಿದ ಟ್ರೇಲರಿಗೆ ತನ್ನದೇ ಆದ ಬ್ರೇಕು ಇರಲೇಬೇಕೆಂದು ನಿಯಮವಿದೆ. ಘಟ್ಟದ ದಾರಿಯವರು ಅದಕ್ಕಿಂತಲೂ ಕಡಿಮೆ ಹೊರೆಗೇ ನಿಲ್ಲುವುದು ವಿವೇಕವು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಟ್ರೇಲರು ಬೀಸಲಾರಂಭಿಸಿದರೆ ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ಬ್ರೇಕನ್ನು ಥಟ್ಟನೆ ಒತ್ತಕೂಡದು.

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅದೇ ಅಧಿನಿಯಮದಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೆಂದೇ ಗಣಿತವಾಗಿರುವುದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಆದುದರಿಂದ ಹಣ ವೆಚ್ಚಮಾಡುವ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪೆನಿಯಲ್ಲಿಯೂ ವಿಚಾರಿಸಿಕೊಳ್ಳುವುದು ಕ್ಷೇಮಕರವು. ಹಿಂದಿನ ದೀಪ, ತಿರುವಿನ ದೀಪ, ಬ್ರೇಕಿನ ದೀಪಗಳು ಟ್ರೇಲರಿನಲ್ಲಿಯೂ ಉರಿಯಬೇಕು.

ಸಂಜೆ ಕೆಲಸ ಮುಗಿದ ಮೇಲೆ ಆಳುಗಳನ್ನು ಬರಿದಾದ ಟ್ರೇಲರಿನಲ್ಲಿ ಕೂರಿಸಿಕೊಂಡು ಊರಿಗೆ ಬಿಡುವ ಅಭ್ಯಾಸವು ಕೆಲವೆಡೆ ಇದೆ. ಮೂಟೆಯು ಉರುಳಿದರೆ ನಷ್ಟವನ್ನು ತುಂಬಿಕೊಳ್ಳಬಹುದು. ಮನುಷ್ಯರ ವಿಷಯದಲ್ಲಿ ಹಾಗಲ್ಲ. ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಈ ಅಭ್ಯಾಸವನ್ನು ತಮ್ಮ ತೋಟಗಳಲ್ಲಿ ಮೊದಲು ನಿಲ್ಲಿಸಿದರೆ ಉಳಿದವರು ಅನುಸರಿಸುವರು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಾಫಿ ಕೊಯ್ಲಿಗೆ ಮುಂಚೆ ಒಮ್ಮೆ ಮೇಲ್ಕಂಡ ಪರೀಕ್ಷೆಗಳನ್ನು ನಡೆಸಿ ಕೀಲುಗಳಿಗೆ ಗ್ರೀಸು ತುಂಬಿಸಿದಲ್ಲಿ, ಹಳೆಯ ಜೀಪು ಇನ್ನೂ ಅನೇಕ ವರ್ಷ ನಂಬಿಕೆಯಿಂದ ದುಡಿಯುವುದು.